ಹಸ್ತಪ್ರತಿಕಾರ್ಯಕ್ಕೆ ಲ್ಯಾಪ್‌ಟಾಪ್ ಗಣಕಯಂತ್ರದ ಆಯ್ಕೆ: ಸಾಮರ್ಥ್ಯ ಮತ್ತು ಬ್ಯಾಟರಿಯ ಬಾಳಿಕೆ

ಕರ್ನಾಟಕದ ಜೈನ ಶಾಸ್ತ್ರಭಂಡಾರಗಳಲ್ಲಿರುವ ತಾಡಪತ್ರ ಗ್ರಂಥಗಳ ಶೋಧನೆಯು ಬಹುಕಾಲ ಲೇಖನಿ ಕಾಗದಗಳಿಂದಲೇ ನಡೆದುಬಂದಿತು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ, ೧೯೪೮ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚೀ’ ಅಂತಹ ಪರಿಶ್ರಮದ ಫಲವಾಗಿದೆ. ೨೦೦೩ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಾಂಡುಲಿಪಿ ಮಿಷನ್ ಅಂಕೀಕರಣವನ್ನು ಕೈಗೆತ್ತಿಕೊಂಡ ಮೇಲಂತೂ, ಸೂಚಿಯನ್ನು ಬರೆಯುವುದು, ಗರಿಗಳ ಛಾಯಾಚಿತ್ರಗಳನ್ನು ಪರಿಶೀಲಿಸುವುದು, ಪಾಠಾಂತರಗಳನ್ನು ಗುರುತಿಸುವುದು ಇವೆಲ್ಲವೂ ಭಂಡಾರದಲ್ಲಿಯೇ ಲ್ಯಾಪ್‌ಟಾಪ್ ಯಂತ್ರದ ಮೇಲೆ ನಡೆಯುವುದು ರೂಢಿಯಾಗಿದೆ. ಇಂತಹ ಯಂತ್ರವನ್ನು ಕೊಳ್ಳುವಾಗ ‘ಬಲಿಷ್ಠವಾದುದು’, ‘೨೦ ಗಂಟೆ ಬರುವಂಥದು’ ಎಂಬ ಎರಡು ಮಾತುಗಳನ್ನು ನಂಬಿ ಹಣ ತೆರುವವರೇ ಹೆಚ್ಚು. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿವೇಚಿಸುವುದು ಉಚಿತವಾಗಿದೆ.

ಇದರಲ್ಲಿ ಹಣಕ್ಕಿಂತ ಹಿರಿದಾದ ಹಾನಿಯ ಪ್ರಶ್ನೆಯಿದೆ. ಜೀರ್ಣವಾದ ಓಲೆಯ ಕಟ್ಟನ್ನು ಬಿಚ್ಚಿದಷ್ಟು ಸಲವೂ ಅದರ ಅಂಚು ಸ್ವಲ್ಪ ಸವೆಯುತ್ತದೆ, ದಾರದ ರಂಧ್ರದ ಬಳಿ ಸೀಳು ಹೆಚ್ಚುತ್ತದೆ. ಕಾರ್ಯದ ನಡುವೆ ಯಂತ್ರವು ನಿಂತುಹೋಗಿ, ಅಂದಿನ ಕೆಲಸವು ಉಳಿಯದೆ ಹೋದರೆ ಆ ಕಟ್ಟನ್ನು ಮತ್ತೊಮ್ಮೆ ಬಿಚ್ಚಬೇಕಾಗುತ್ತದೆ. ಆ ಹಾನಿಯು ಗ್ರಂಥಕ್ಕೆ ತಟ್ಟುತ್ತದೆ.

ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ವಿಚಾರಿಸುವುದು ನಮ್ಮ ಶಾಸ್ತ್ರಪದ್ಧತಿ. ‘೨೦ ಗಂಟೆ’ ಎಂಬ ತಯಾರಕರ ವಚನವು ಸಾಮಾನ್ಯವಾಗಿ ಮಂದವಾದ ಪರದೆಯ ಮೇಲೆ ಚಲಚ್ಚಿತ್ರವನ್ನು ಓಡಿಸಿ ಪಡೆದುದು. ಆ ಅಪೇಕ್ಷೆಯಲ್ಲಿ ಅದು ಸತ್ಯವೇ. ಅಪೇಕ್ಷೆಯನ್ನು ಬಿಟ್ಟು ಹೇಳಿದಾಗ ಅದು ಏಕಾಂತವಾಗುತ್ತದೆ. ನಮ್ಮ ಕಾರ್ಯದ ಅಪೇಕ್ಷೆಯಲ್ಲಿ ಅದೇ ಯಂತ್ರವು ಎಷ್ಟು ಹೊತ್ತು ನಡೆಯುವುದು ಎಂಬುದನ್ನು ನಾವೇ ಲೆಕ್ಕ ಹಾಕಬೇಕು.

ಮೊದಲು ಭಾವ, ಎಂದರೆ ಯಂತ್ರವು ಇರುವ ಅವಸ್ಥೆ. ಬ್ಯಾಟರಿಯ ಧಾರಣಶಕ್ತಿಯನ್ನು ವ್ಯಾಟ್-ಗಂಟೆಗಳಲ್ಲಿ ಹೇಳುತ್ತಾರೆ. ಯಂತ್ರವು ಎಳೆಯುವ ವಿದ್ಯುತ್ತನ್ನು ವ್ಯಾಟ್‌ಗಳಲ್ಲಿ ಹೇಳುತ್ತಾರೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಗಂಟೆಗಳ ಲೆಕ್ಕ. ೬೦ ವ್ಯಾಟ್-ಗಂಟೆಯ ಬ್ಯಾಟರಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬರಿಯ ಬರವಣಿಗೆಗೆ ೬ ವ್ಯಾಟ್ ಬೇಕಾದರೆ ೧೦ ಗಂಟೆ. ಕ್ಯಾಮೆರಾವನ್ನು ತಂತಿಯಿಂದ ಜೋಡಿಸಿ, ಹೊರಗಿನ ಡಿಸ್ಕಿಗೆ ಪ್ರತಿಮಾಡುತ್ತ, ಪರದೆಯನ್ನು ಬೆಳಗಿಸಿಟ್ಟು ೧೨ ವ್ಯಾಟ್ ಎಳೆದರೆ ೫ ಗಂಟೆ. ಪ್ರತ್ಯೇಕ ಗ್ರಾಫಿಕ್ಸ್ ಘಟಕವನ್ನು ದುಡಿಸಿ ೬೦ ವ್ಯಾಟ್ ಎಳೆದರೆ ಒಂದೇ ಗಂಟೆ. ಯಂತ್ರವೊಂದೇ, ಬ್ಯಾಟರಿಯೊಂದೇ, ಅವಸ್ಥಾಭೇದದಿಂದ ಫಲಭೇದ.

ಎರಡನೆಯದು ಕ್ಷೇತ್ರ. ಗ್ರಂಥಗಳನ್ನು ಭಂಡಾರದಿಂದ ಹೊರಗೆ ಕೊಡದಿರುವ ಸಂಪ್ರದಾಯವು ಗ್ರಂಥರಕ್ಷಣೆಗಾಗಿ ಬಂದುದು, ಅದನ್ನು ಗೌರವಿಸಬೇಕು. ಆದರೆ ಹಳೆಯ ಬಸದಿ ಮಠಗಳಲ್ಲಿ ಓಲೆ ಹರಡುವ ಸ್ಥಳದ ಬಳಿಯೇ ವಿದ್ಯುತ್ ಸಂಪರ್ಕವಿರುವುದೆಂದು ಹೇಳಲಾಗದು. ದೂರದಿಂದ ತಂತಿಯನ್ನು ಎಳೆದು ತಂದರೆ ಓಡಾಡುವವರ ಕಾಲಿಗೆ ಸಿಕ್ಕುವ ಭಯವಿದೆ. ಆದುದರಿಂದ ತಂತಿಯ ಹಂಗಿಲ್ಲದೆ ನಡೆಯುವ ಯಂತ್ರವು ಇಲ್ಲಿ ಅವಶ್ಯಕ. ಕಿಟಕಿಯ ಬೆಳಕಿನಲ್ಲಿಯೂ ಅಕ್ಷರ ಕಾಣುವಂತೆ ಪರದೆಯ ಪ್ರಕಾಶವು ೪೦೦ ನಿಟ್ಸ್ ಇರುವುದು ಒಳ್ಳೆಯದು. ಓಲೆಡ್ ಪರದೆಗಳು ಕಪ್ಪನ್ನು ಚೆನ್ನಾಗಿ ತೋರಿಸುತ್ತವೆ. ಆದರೆ ಬಿಳಿಯ ಪುಟದ ಮೇಲೆ ಬರೆಯುವವರಿಗೆ ಅವು ಹೆಚ್ಚು ವಿದ್ಯುತ್ತನ್ನು ವ್ಯಯಮಾಡುತ್ತವೆ. ದಿನವಿಡೀ ಪಾಠವನ್ನು ಬರೆದುಕೊಳ್ಳುವವರಿಗೆ ಸಾಮಾನ್ಯ ಎಲ್‌ಸಿಡಿ ಪರದೆಯೇ ಲೇಸು.

ಮೂರನೆಯದು ಕಾಲ. ಲಿಥಿಯಂ ಬ್ಯಾಟರಿಯು ಬಳಕೆಯಿಂದಲೂ ಉಷ್ಣದಿಂದಲೂ ಕ್ಷೀಣಿಸುತ್ತದೆ. ಕೆಲವು ವರ್ಷಗಳಲ್ಲಿ ಅದು ಮೊದಲಿನ ಶಕ್ತಿಯ ಶೇಕಡಾ ೮೦ಕ್ಕೆ ಇಳಿಯುವುದೆಂದು ಎಣಿಸಿಯೇ ಕೊಳ್ಳಬೇಕು. ದಿನಕ್ಕೆ ೫ ಗಂಟೆ, ೧೨ ವ್ಯಾಟ್‌ನ ಕಾರ್ಯವೆಂದರೆ ೬೦ ವ್ಯಾಟ್-ಗಂಟೆ ಬೇಕು. ಕ್ಷಯವನ್ನು ಸೇರಿಸಿದರೆ ಹೊಸದಿರುವಾಗ ೭೫ ಇರಬೇಕು. ಅದೇ ಕಾರ್ಯವನ್ನು ೯ ವ್ಯಾಟ್‌ನಲ್ಲಿ ಮಾಡುವ ಯಂತ್ರಕ್ಕೆ ೫೭ ಸಾಕು. ಆದುದರಿಂದ ದೊಡ್ಡ ಬ್ಯಾಟರಿಗಿಂತ ಮಿತವ್ಯಯದ ಯಂತ್ರವು ಶ್ರೇಷ್ಠ. ಹೊರುವ ಭಾರವೂ ಕಡಿಮೆಯಾಗುತ್ತದೆ. ವಿಮಾನದಲ್ಲಿ ಪ್ರತ್ಯೇಕ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ ೧೦೦ ವ್ಯಾಟ್-ಗಂಟೆ. ಲ್ಯಾಪ್‌ಟಾಪುಗಳ ಬ್ಯಾಟರಿಗಳು ಈ ಮಿತಿಯೊಳಗೇ ಇರುವುದಕ್ಕೆ ಇದೇ ಕಾರಣ. ಜೊತೆಗೆ ಒಯ್ಯುವ ೨೦,೦೦೦ ಎಂಎಎಚ್ ಪವರ್ ಬ್ಯಾಂಕ್ ಸುಮಾರು ೭೪ ವ್ಯಾಟ್-ಗಂಟೆಗೆ ಸಮ. ಪರಿವರ್ತನೆಯಲ್ಲಿ ಅದರ ಒಂದು ಭಾಗ ನಷ್ಟವಾಗುತ್ತದೆ. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪಿಗೆ ಮಾತ್ರ ಇದು ಸುಲಭವಾಗಿ ಒದಗುತ್ತದೆ.

ಕೊನೆಯದು ದ್ರವ್ಯ, ಎಂದರೆ ಯಂತ್ರದ ಅಂಗಗಳು. ೨೦೨೦ರಲ್ಲಿ ಆಪಲ್ ಸಂಸ್ಥೆಯ ಎಂ೧ ಪ್ರೊಸೆಸರ್ ಬಂದ ಮೇಲೆ ಸಾಮರ್ಥ್ಯವೂ ಮಿತವ್ಯಯವೂ ಒಂದೆಡೆ ಇರಬಹುದೆಂಬುದು ಸಿದ್ಧವಾಯಿತು. ೨೦೨೪ರಲ್ಲಿ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್, ಇಂಟೆಲ್‌ನ ಕೋರ್ ಅಲ್ಟ್ರಾ ೨೦೦ವಿ ಶ್ರೇಣಿಗಳು ವಿಂಡೋಸ್ ಯಂತ್ರಗಳಿಗೂ ಆ ಗುಣವನ್ನು ತಂದವು. ಇಂಟೆಲ್ ಪ್ರೊಸೆಸರುಗಳ ಹೆಸರಿನ ಕೊನೆಯ ಅಕ್ಷರವನ್ನು ಗಮನಿಸಬೇಕು. ಯು, ವಿ ಎಂದಿರುವವು ಮಿತವ್ಯಯದವು. ಎಚ್, ಎಚ್‌ಎಕ್ಸ್ ಎಂದಿರುವವು ಬಲಿಷ್ಠ, ಆದರೆ ಹೆಚ್ಚು ವಿದ್ಯುತ್ತನ್ನು ಬೇಡುವಂಥವು. ಸ್ನ್ಯಾಪ್‌ಡ್ರ್ಯಾಗನ್ ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು: ಹಳೆಯ ಸ್ಕ್ಯಾನರ್, ಪ್ರಿಂಟರುಗಳ ಡ್ರೈವರ್‌ಗಳು ಆ ಪ್ರೊಸೆಸರಿಗೆಂದೇ ಸಿದ್ಧವಾಗಿರದಿದ್ದರೆ ನಡೆಯುವುದಿಲ್ಲ. ಸಂಸ್ಥೆಯಲ್ಲಿರುವ ಉಪಕರಣಗಳನ್ನೂ ಹಳೆಯ ಕನ್ನಡ ತಂತ್ರಾಂಶಗಳನ್ನೂ ಮೊದಲು ಜೋಡಿಸಿ ಪರೀಕ್ಷಿಸಿ ನೋಡತಕ್ಕದ್ದು.

ರ‍್ಯಾಮ್ ೧೬ ಜಿಬಿಗೆ ಕಡಿಮೆಯಿರಬಾರದು. ಚಿತ್ರಸಂಸ್ಕಾರ ಮಾಡುವವರಿಗೆ ೩೨ ಜಿಬಿ ಬೇಕು. ತೆಳುವಾದ ಅನೇಕ ಯಂತ್ರಗಳಲ್ಲಿ ಇದನ್ನು ಆಮೇಲೆ ಹೆಚ್ಚಿಸಲಾಗದು. ಸಂಗ್ರಹಸ್ಥಳಕ್ಕೆ ಹೀಗೆ ಲೆಕ್ಕ ಮಾಡಬಹುದು. ೨೪ ಮೆಗಾಪಿಕ್ಸೆಲ್ ಚಿತ್ರವನ್ನು ಸಂಕೋಚಿಸದೆ ೮ ಬಿಟ್ ಟಿಫ್ ರೂಪದಲ್ಲಿಟ್ಟರೆ ಸುಮಾರು ೭೨ ಎಂಬಿ. ೨೦೦ ಗರಿಗಳ ಗ್ರಂಥಕ್ಕೆ ೪೦೦ ಪಾರ್ಶ್ವಗಳು. ಒಟ್ಟು ಸುಮಾರು ೨೯ ಜಿಬಿ. ಇಂತಹ ಹತ್ತು ಗ್ರಂಥಗಳಿಗೆ ೨೯೦ ಜಿಬಿ ತಗಲುವುದರಿಂದ ೧ ಟಿಬಿ ಎಸ್‌ಎಸ್‌ಡಿ ಅತಿಯಾದುದಲ್ಲ.

ಪ್ರತ್ಯೇಕ ಗ್ರಾಫಿಕ್ಸ್ ಘಟಕವು ಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಮಾಸಿದ ಅಕ್ಷರಗಳನ್ನು ಸ್ಪಷ್ಟಪಡಿಸುವುದು, ಲಿಪಿಯನ್ನು ಯಂತ್ರದಿಂದ ಓದಿಸುವ ಪ್ರಯೋಗ ಇವುಗಳಿಗೆ ಅದು ಉಪಕಾರಿ. ಆದರೆ ಈ ಕೆಲಸಗಳಿಗೆ ಓಲೆ ಎದುರಿಗಿರಬೇಕಾಗಿಲ್ಲ, ಚಿತ್ರವಿದ್ದರೆ ಸಾಕು. ಅಲ್ಲದೆ ಅಂತಹ ಹಲವು ಯಂತ್ರಗಳು ತಂತಿ ತೆಗೆದೊಡನೆ ತಮ್ಮ ವೇಗವನ್ನು ತಾವೇ ಕುಗ್ಗಿಸಿಕೊಳ್ಳುತ್ತವೆ. ಆದುದರಿಂದ ಭಾರವಾದ ಕಾರ್ಯವನ್ನು ಸಂಸ್ಥೆಯ ಮೇಜಿನ ಮೇಲಿನ ಗಣಕಕ್ಕೆ ಬಿಟ್ಟು, ಭಂಡಾರಕ್ಕೆ ಮಿತವ್ಯಯದ ಯಂತ್ರವನ್ನು ಒಯ್ಯುವುದೇ ಯುಕ್ತ. ಒಂದೇ ಯಂತ್ರದಲ್ಲಿ ಎಲ್ಲವನ್ನೂ ಅಪೇಕ್ಷಿಸುವುದು ಪರಿಗ್ರಹವನ್ನು ಹೆಚ್ಚಿಸುತ್ತದೆಯೇ ಹೊರತು ಪ್ರಯೋಜನವನ್ನಲ್ಲ.

ಕೊಂಡ ಕೂಡಲೆ ಪೂರ್ಣ ಚಾರ್ಜಿನಿಂದ ತೊಡಗಿ ನಮ್ಮ ನಿಜವಾದ ಕಾರ್ಯವನ್ನೇ ಒಂದು ಗಂಟೆ ಮಾಡಿ, ಶೇಕಡಾ ಎಷ್ಟು ಇಳಿಯಿತೆಂದು ಗುರುತಿಸಿಕೊಳ್ಳಬೇಕು. ೧೨ ಇಳಿದರೆ ಸುಮಾರು ೮ ಗಂಟೆ ಎಂದು ತಿಳಿಯಬಹುದು. ಮೇಜಿನ ಬಳಿ ಸದಾ ತಂತಿಯಲ್ಲಿಟ್ಟು ಬಳಸುವಾಗ ಚಾರ್ಜನ್ನು ಶೇಕಡಾ ೮೦ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಅದನ್ನು ಉಪಯೋಗಿಸಿ, ಭಂಡಾರಕ್ಕೆ ಹೊರಡುವ ಹಿಂದಿನ ರಾತ್ರಿ ಮಾತ್ರ ಪೂರ್ಣ ತುಂಬಿಸಿದರೆ ಬ್ಯಾಟರಿಯ ಆಯುಸ್ಸು ಹೆಚ್ಚುತ್ತದೆ.

ಗ್ರಂಥವನ್ನು ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಕಾಪಾಡಬೇಕೆಂದು ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ನಮ್ಮ ಕಾಲದ ಪ್ರತಿಗೆ ವಿದ್ಯುತ್ತಿನ ಅಭಾವವೂ ಒಂದು ಭಯವಾಗಿ ಸೇರಿದೆ. ಕಟ್ಟನ್ನು ಮತ್ತೆ ಕಟ್ಟುವ ಮೊದಲು ಅದರ ಚಿತ್ರಗಳು ಯಂತ್ರದಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು ಹೀಗೆ ಎರಡು ಕಡೆ ಸೇರಿರುವುದನ್ನು ನೋಡಿಕೊಳ್ಳಬೇಕು. ಅಷ್ಟು ಹೊತ್ತು ನಿಲ್ಲದೆ ನಡೆಯುವ ಯಂತ್ರವೇ ನಮ್ಮ ಕಾರ್ಯಕ್ಕೆ ಸಮರ್ಥವಾದ ಯಂತ್ರವೆಂದು ತಿಳಿಯತಕ್ಕದ್ದು.