ದೊಡ್ಡ ಗಾಡಿ: ಕೊಳ್ಳುವ ಬೆಲೆ, ಸಾಕುವ ಬೆಲೆ

ಮಾಘಮಾಸದಲ್ಲಿ ಉಳವಿ ಚನ್ನಬಸವೇಶ್ವರ ಜಾತ್ರೆಗೆ ನಮ್ಮ ಸೀಮೆಯಿಂದ ಚಕ್ಕಡಿಗಳು ಸಾಲುಗಟ್ಟಿ ಹೊರಡುವ ವಾಡಿಕೆ ಇನ್ನೂ ನಿಂತಿಲ್ಲ. ಆದರೆ ಆ ಚಕ್ಕಡಿಗಳನ್ನು ಹಿಂದಿಕ್ಕಿ ಹೋಗುವ ದೊಡ್ಡ ಗಾಡಿಗಳ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. 1994ರಲ್ಲಿ ಟಾಟಾ ಸುಮೋ ಬಂದಾಗ ಊರಿಗೊಂದು ಕಂಡರೆ ಹೆಚ್ಚು. 2000ದಲ್ಲಿ ಕ್ವಾಲಿಸ್, 2002ರಲ್ಲಿ ಸ್ಕಾರ್ಪಿಯೋ, 2005ರಲ್ಲಿ ಇನ್ನೋವಾ, 2009ರಲ್ಲಿ ಫಾರ್ಚುನರ್ ಬಂದವು. ಇಂದು ಬ್ಯಾಡಗಿಯ ದಲಾಲಿ ಅಂಗಡಿಗಳ ಮುಂದೆ, ರಾಣೇಬೆನ್ನೂರಿನ ಬೀಜದ ವ್ಯಾಪಾರಿಗಳ ಅಂಗಳದಲ್ಲಿ, ಹಾವೇರಿಯ ಹೊಸ ಬಡಾವಣೆಗಳಲ್ಲಿ ಇಂಥ ಗಾಡಿಗಳು ಸಾಮಾನ್ಯ ನೋಟವಾಗಿವೆ. ಅವಿಭಕ್ತ ಕುಟುಂಬದ ಏಳೆಂಟು ಜನ ಒಟ್ಟಿಗೆ ಮದುವೆಗೋ ಮಠಕ್ಕೋ ಹೋಗಬೇಕೆಂದರೆ ಸಣ್ಣ ಕಾರು ಸಾಲದು ಎಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ನಾವು ಇಲ್ಲಿ ವಿಚಾರಿಸಹೊರಟಿರುವುದು ಬೇರೊಂದು ಸಂಗತಿಯನ್ನು. ಗಾಡಿಯನ್ನು ಕೊಳ್ಳುವ ಬೆಲೆಯನ್ನು ಎಲ್ಲರೂ ಕೇಳುತ್ತಾರೆ. ಅದನ್ನು ಸಾಕುವ ಬೆಲೆಯನ್ನು ಕೇಳುವವರು ವಿರಳ.

ಮೊದಲು ಕೊಳ್ಳುವ ಬೆಲೆಯನ್ನೇ ಬಿಡಿಸಿ ನೋಡೋಣ. ನಾಲ್ಕು ಮೀಟರಿಗಿಂತ ಉದ್ದವಾದ, 1500 ಸಿಸಿಗಿಂತ ದೊಡ್ಡ ಎಂಜಿನ್ನಿನ ಈ ಗಾಡಿಗಳ ಮೇಲೆ ಜಿಎಸ್‌ಟಿ ಹಾಗೂ ಪರಿಹಾರ ಸೆಸ್ ಸೇರಿ ಹಿಂದೆ ಶೇ. 50ರವರೆಗೆ ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40ಕ್ಕೆ ಇಳಿಯಿತು. ಇದು ಶೋರೂಮಿನ ಬೆಲೆಯಲ್ಲಿಯೇ ಅಡಗಿರುವ ತೆರಿಗೆ. ಇದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಬೀಳುತ್ತದೆ: 10ರಿಂದ 20 ಲಕ್ಷದವರೆಗಿನ ಗಾಡಿಗೆ ಶೇ. 17, 20 ಲಕ್ಷ ಮೀರಿದರೆ ಶೇ. 18, ಜೊತೆಗೆ ಆ ತೆರಿಗೆಯ ಮೇಲೊಂದು ಸೆಸ್. ಇಲ್ಲಿ ಒಂದು ಸೂಕ್ಷ್ಮವಿದೆ. 20 ಲಕ್ಷದ ಗಾಡಿಗೆ ತೆರಿಗೆ 3 ಲಕ್ಷ 40 ಸಾವಿರ. ಮಾರಾಟಗಾರನ ಮಾತಿಗೆ ಒಲಿದು 50 ಸಾವಿರ ಹೆಚ್ಚಿನ ಮಾದರಿಗೆ ಹೋದರೆ ತೆರಿಗೆ 3 ಲಕ್ಷ 69 ಸಾವಿರವಾಗುತ್ತದೆ. ಅಂದರೆ 50 ಸಾವಿರದ ಸೊಗಸಿಗೆ ತೆರುವುದು ಸುಮಾರು 80 ಸಾವಿರ.

ಹತ್ತು ಲಕ್ಷ ಮೀರಿದ ಗಾಡಿಯ ಮೇಲೆ ಶೇ. 1ರಷ್ಟು ಆದಾಯ ತೆರಿಗೆಯನ್ನು ಮಾರುವವರೇ ಮೂಲದಲ್ಲಿ ವಸೂಲು ಮಾಡುವ ಪದ್ಧತಿ 2016ರ ಜೂನ್‌ನಿಂದ ಇದೆ. 20 ಲಕ್ಷದ ಗಾಡಿಗೆ ಇದು 20 ಸಾವಿರ. ಇದು ಖರ್ಚಲ್ಲ, ಮುಂಗಡವಾಗಿ ಕಟ್ಟಿದ ತೆರಿಗೆ. ಆದರೆ ಕೇವಲ ಕೃಷಿ ಆದಾಯವುಳ್ಳ ನಮ್ಮ ಎಷ್ಟೋ ರೈತ ಕುಟುಂಬಗಳು ಆದಾಯ ತೆರಿಗೆಯ ವಿವರ ಸಲ್ಲಿಸುವುದೇ ಇಲ್ಲವಾದ್ದರಿಂದ ಈ ಹಣ ಸರ್ಕಾರದಲ್ಲೇ ಉಳಿಯುತ್ತದೆ. ಗಾಡಿ ಕೊಂಡ ವರ್ಷವಾದರೂ ತೆರಿಗೆ ಸಲಹೆಗಾರರ ಬಳಿಗೆ ಹೋಗಿ ವಿವರ ಸಲ್ಲಿಸಿದರೆ ಅದು ಮರಳಿ ಬರುತ್ತದೆ. ವಿಮೆಯೂ ಸೇರಿ 20 ಲಕ್ಷದ ಗಾಡಿ ರಸ್ತೆಗಿಳಿಯುವ ಹೊತ್ತಿಗೆ 24.5 ಲಕ್ಷ ದಾಟಿರುತ್ತದೆ.

ಇನ್ನು ಸಾಲ. ಟ್ರ್ಯಾಕ್ಟರ್ ಸಾಲದ ಕಂತು ಸುಗ್ಗಿಯನ್ನು ನೋಡಿಕೊಂಡು ಆರು ತಿಂಗಳಿಗೊಮ್ಮೆ ಬರುತ್ತದೆ. ಕಾರಿನ ಕಂತು ಹಾಗಲ್ಲ, ಅದು ತಿಂಗಳ ಸಂಬಳದವರಿಗಾಗಿ ಮಾಡಿದ ಏರ್ಪಾಡು. ಮೆಣಸಿನಕಾಯಿ ಪೇಟೆಗೆ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಕಂತು ಮಾತ್ರ ಆಷಾಢದಲ್ಲೂ ತಪ್ಪದೆ ಬರುತ್ತದೆ. 15 ಲಕ್ಷ ಸಾಲವನ್ನು ಶೇ. 9ರ ಬಡ್ಡಿಗೆ ಏಳು ವರ್ಷಕ್ಕೆ ತೆಗೆದರೆ ತಿಂಗಳಿಗೆ ಸುಮಾರು 24,130 ರೂಪಾಯಿ. ಒಟ್ಟು ಬಡ್ಡಿ 5 ಲಕ್ಷ 27 ಸಾವಿರ. ಅದನ್ನೇ ಐದು ವರ್ಷಕ್ಕೆ ತೀರಿಸಿದರೆ ಕಂತು 31,140, ಬಡ್ಡಿ 3 ಲಕ್ಷ 68 ಸಾವಿರ. ಕಂತು ಹಗುರವಾಗಲೆಂದು ಅವಧಿ ಹಿಗ್ಗಿಸಿದ್ದಕ್ಕೆ ಕೊಟ್ಟ ಬೆಲೆ ಒಂದೂವರೆ ಲಕ್ಷಕ್ಕೂ ಹೆಚ್ಚು. ಸುಗ್ಗಿಯ ಹಣ ಕೈಗೆ ಬಂದಾಗ ಸಾಲದ ಒಂದು ಭಾಗವನ್ನು ಮೊದಲೇ ತೀರಿಸಲು ಅವಕಾಶವುಂಟೇ, ಅದಕ್ಕೆ ದಂಡವೆಷ್ಟು ಎಂಬುದನ್ನು ಸಹಿ ಹಾಕುವ ಮುನ್ನವೇ ಬ್ಯಾಂಕಿನಲ್ಲಿ ಬರೆಯಿಸಿಕೊಳ್ಳುವುದು ಜಾಣತನ.

ಈಗ ಸಾಕುವ ಬೆಲೆಯ ಲೆಕ್ಕ. ಇದೇ ಗಾಡಿಯನ್ನು ಎಂಟು ವರ್ಷ ಇಟ್ಟುಕೊಂಡು 7 ಲಕ್ಷಕ್ಕೆ ಮಾರಿದೆವೆಂದು ಹಿಡಿಯೋಣ. ಬೆಲೆಯ ಇಳಿತವೇ ವರ್ಷಕ್ಕೆ ಸುಮಾರು 2 ಲಕ್ಷ 20 ಸಾವಿರ. ಏಳು ವರ್ಷದ ಸಾಲದ ಬಡ್ಡಿಯನ್ನು ಹಂಚಿದರೆ ವರ್ಷಕ್ಕೆ 66 ಸಾವಿರ. ವಿಮೆಗೆ ಸರಾಸರಿ 45 ಸಾವಿರ, ಸರ್ವಿಸ್ ಮತ್ತು ಟೈರುಗಳಿಗೆ 40 ಸಾವಿರ ಇಡೋಣ. ವರ್ಷಕ್ಕೆ 15 ಸಾವಿರ ಕಿ.ಮೀ. ಓಡಿ ಲೀಟರಿಗೆ 12 ಕಿ.ಮೀ. ಕೊಟ್ಟರೆ 1250 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿಯಂತೆ 1 ಲಕ್ಷ 12 ಸಾವಿರದ 500. ಎಲ್ಲ ಸೇರಿ ವರ್ಷಕ್ಕೆ 4 ಲಕ್ಷ 83 ಸಾವಿರ, ಕಿಲೋಮೀಟರಿಗೆ 32 ರೂಪಾಯಿ. ಡೀಸೆಲ್ ಖರ್ಚು ಇದರಲ್ಲಿ ಕಾಲುಭಾಗಕ್ಕಿಂತಲೂ ಕಡಿಮೆ ಎಂಬುದನ್ನು ಓದುಗರು ಗಮನಿಸಬೇಕು. ‘ಎಷ್ಟು ಆ್ಯವರೇಜ್ ಕೊಡುತ್ತದೆ?’ ಎಂಬ ನಮ್ಮ ಮೊದಲ ಪ್ರಶ್ನೆ ನಿಜಕ್ಕೂ ಕಡೆಯ ಪ್ರಶ್ನೆಯಾಗಬೇಕಿತ್ತು.

ಆದರೆ ನಮ್ಮ ಊರುಗಳ ಎಷ್ಟೋ ಗಾಡಿಗಳು 15 ಸಾವಿರ ಓಡುವುದಿಲ್ಲ. ಮನೆಯಿಂದ ಪೇಟೆಗೆ, ಪೇಟೆಯಿಂದ ಹೊಲಕ್ಕೆ, ತಿಂಗಳಿಗೊಮ್ಮೆ ಬೀಗರ ಊರಿಗೆ. ವರ್ಷಕ್ಕೆ 6 ಸಾವಿರ ಆದರೆ ಹೆಚ್ಚು. ಆಗ ಇದೇ ಲೆಕ್ಕ ಕಿಲೋಮೀಟರಿಗೆ 69 ರೂಪಾಯಿಯ ಹತ್ತಿರಕ್ಕೆ ಬರುತ್ತದೆ. ಅದರ ಅರ್ಧಕ್ಕೂ ಕಡಿಮೆ ದರದಲ್ಲಿ ಇನ್ನೋವಾ ಬಾಡಿಗೆಗೆ ಸಿಗುತ್ತದೆ, ಚಾಲಕನ ಸಮೇತ. ಇದಲ್ಲದೆ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಸೋಸುಕ ಇರುತ್ತದೆ. ಗಾಡಿ ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಮಾತ್ರ ಆ ಮಸಿ ಸುಟ್ಟು ಹೋಗುತ್ತದೆ. ದಿನವೂ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸಿದರೆ ಅದು ಕಟ್ಟಿಕೊಂಡು ದುಬಾರಿ ರಿಪೇರಿಗೆ ದಾರಿಯಾಗುತ್ತದೆ. ಹೆಚ್ಚು ಓಡಾಟವಿಲ್ಲದ ಮನೆಗೆ ಡೀಸೆಲ್ ಗಾಡಿಗಿಂತ ಪೆಟ್ರೋಲ್ ಗಾಡಿಯೇ ಲೇಸೆಂಬುದು ನಮ್ಮ ಅಭಿಪ್ರಾಯ.

ಯಾವ ಕಂಪನಿಯ ಗಾಡಿ ಎಂಬ ಪ್ರಶ್ನೆಗೆ ಬರೋಣ. ಟೊಯೋಟಾದ ಇನ್ನೋವಾ, ಫಾರ್ಚುನರ್‌ಗಳ ಆರಂಭದ ಬೆಲೆ ಹೆಚ್ಚು. ಆದರೆ ಮಾರುವಾಗ ಅವು ಬೆಲೆ ಉಳಿಸಿಕೊಳ್ಳುವಂತೆ ಬೇರೆಯವು ಉಳಿಸಿಕೊಳ್ಳುವುದು ಅಪರೂಪ. ಮಹೀಂದ್ರದ ಬಲವಿರುವುದು ಹಳ್ಳಿಗಾಡಿನ ನಂಟಿನಲ್ಲಿ. ಬೊಲೆರೋ, ಹಳೆಯ ಸ್ಕಾರ್ಪಿಯೋಗಳ ಎಂಜಿನ್ ಬಿಚ್ಚಬಲ್ಲ ಮೆಕ್ಯಾನಿಕ್ ನಮ್ಮ ಪ್ರತಿ ತಾಲೂಕಿನಲ್ಲೂ ಇದ್ದಾನೆ. ಆದರೆ 2021ರ ಎಕ್ಸ್‌ಯುವಿ 700, 2022ರ ಸ್ಕಾರ್ಪಿಯೋ-ಎನ್, 2021ರಲ್ಲಿ ಮರುಹುಟ್ಟು ಪಡೆದ ಟಾಟಾ ಸಫಾರಿಗಳ ವಿಷಯ ಬೇರೆ. ಅವುಗಳಲ್ಲಿ ಗಣಕಯಂತ್ರದ ಪಾಲು ಹೆಚ್ಚು; ಸ್ಪ್ಯಾನರ್ ಹಿಡಿದ ಕೈಗಿಂತ ಸ್ಕ್ಯಾನರ್ ಹಿಡಿದ ಕೈ ಬೇಕು. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರುವ ಮಾದರಿಗಳಲ್ಲಿ ಗಾಜು ಒಡೆದರೆ ಗಾಜು ಕೂರಿಸಿದರಷ್ಟೇ ಸಾಲದು, ಕ್ಯಾಮೆರಾವನ್ನೂ ಮತ್ತೆ ಹೊಂದಿಸಬೇಕು. ಅದು ಎಲ್ಲೆಂದರಲ್ಲಿ ಆಗುವ ಕೆಲಸವಲ್ಲ.

ಕಂಪನಿಯೇ ಕೈಬಿಟ್ಟು ಹೋದರೆ? ಷೆವರ್ಲೆ ಹೆಸರಿನಲ್ಲಿ ತವೇರಾ ಮಾರುತ್ತಿದ್ದ ಜನರಲ್ ಮೋಟಾರ್ಸ್ 2017ರ ಕೊನೆಗೆ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು. ಎಂಡೆವರ್ ಗಾಡಿಯ ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಉತ್ಪಾದನೆ ನಿಲ್ಲಿಸುವುದಾಗಿ ಸಾರಿತು. ಗಾಡಿಗಳು ಕೆಟ್ಟವಾಗಿರಲಿಲ್ಲ, ಆದರೆ ಬಿಡಿಭಾಗಕ್ಕಾಗಿ ಕಾಯುವ ಸರದಿ ಉದ್ದವಾಯಿತು, ಮಾರುವ ಬೆಲೆ ಕುಸಿಯಿತು. ಅಗ್ಗವಾಗಿ ಸಿಗುತ್ತದೆಂದು ಇಂಥ ಹಳೆಯ ಗಾಡಿಗೆ ಕೈಹಾಕುವವರು ಮೊದಲು ಬಿಡಿಭಾಗ ಎಲ್ಲಿ ಸಿಗುವುದೆಂದು ವಿಚಾರಿಸಲಿ.

ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿ.ಮೀ.; ರಾಣೇಬೆನ್ನೂರಿನಿಂದ ದಾವಣಗೆರೆ 50 ಕಿ.ಮೀ. ಒಳಗೆ. ಸಣ್ಣ ಸರ್ವಿಸ್ ಹತ್ತಿರದಲ್ಲೇ ಆದರೂ ಅಪಘಾತದ ರಿಪೇರಿ, ಗೇರ್‌ಬಾಕ್ಸ್, ಬಣ್ಣದ ಕೆಲಸವೆಂದರೆ ನಾವು ಈ ಎರಡು ಊರುಗಳ ಮುಖ ನೋಡಬೇಕಾದದ್ದೇ ಹೆಚ್ಚು. ಹುಬ್ಬಳ್ಳಿಗೆ ಹೋಗಿಬಂದರೆ ಡೀಸೆಲ್ಲಿಗೆ 1,100 ರೂಪಾಯಿ, ಜೊತೆಗೆ ಒಂದು ದಿನದ ಕೆಲಸ. ನಮ್ಮ ಮನೆಯ ಗಾಡಿಯೊಂದು ಒಂದು ಸಣ್ಣ ಸೆನ್ಸರ್ ಬಾರದೆ ಹದಿನೇಳು ದಿನ ವರ್ಕ್‌ಶಾಪಿನಲ್ಲಿ ನಿಂತಿತ್ತು. ಪ್ರತಿ ಬಾರಿ ಫೋನ್ ಮಾಡಿದಾಗಲೂ ‘ನಾಳೆ ಬರುತ್ತದೆ ಸರ್’ ಎಂಬ ಉತ್ತರ. ಆದ್ದರಿಂದ ಬುಕ್ ಮಾಡುವ ಮುನ್ನ ಶೋರೂಮಿನ ಗಾಜಿನ ಕೋಣೆಯಲ್ಲಿ ಚಹಾ ಕುಡಿಯುವುದಕ್ಕಿಂತ ಅದರ ಹಿಂದಿನ ವರ್ಕ್‌ಶಾಪಿನಲ್ಲಿ ಅರ್ಧ ಗಂಟೆ ನಿಲ್ಲುವುದು ಮೇಲು. ಅಲ್ಲಿ ಕಾದಿರುವ ಗಾಡಿಗಳ ಮಾಲೀಕರನ್ನು ಮಾತಾಡಿಸಿದರೆ ಸತ್ಯ ತಾನಾಗಿಯೇ ಹೊರಬರುತ್ತದೆ. ಹೆದ್ದಾರಿಯಲ್ಲಿ ಬಂಕಾಪುರ, ಚಳಗೇರಿ ಟೋಲ್‌ಗಳನ್ನು ಪದೇ ಪದೇ ದಾಟುವವರಿಗೆ 2025ರ ಆಗಸ್ಟ್ 15ರಂದು 3,000 ರೂಪಾಯಿಗೆ 200 ಪ್ರಯಾಣದಂತೆ ಆರಂಭವಾದ ವಾರ್ಷಿಕ ಫಾಸ್ಟ್ಯಾಗ್ ಪಾಸು ಒಂದಿಷ್ಟು ಉಳಿತಾಯ ತರುತ್ತದೆ.

ಸರ್ವಿಸ್ ಬಿಲ್ಲನ್ನು ಸಾಲು ಸಾಲಾಗಿ ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಎಣ್ಣೆ, ಫಿಲ್ಟರುಗಳ ಕೆಳಗೆ ಎಂಜಿನ್ ಡ್ರೆಸ್ಸಿಂಗ್, ಎಸಿ ಶುಚಿ, ತಳಭಾಗದ ಲೇಪನ ಎಂದು ಹಲವು ಸಾಲುಗಳು ಸೇರಿಕೊಂಡಿರುತ್ತವೆ. ಗಾಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿ ಆ ಕಿಲೋಮೀಟರಿಗೆ ಏನೇನು ಮಾಡಬೇಕೆಂದು ಅಚ್ಚಾಗಿದೆ. ಅದಕ್ಕಿಂತ ಹೆಚ್ಚಿನದನ್ನು ಬೇಡವೆನ್ನುವ ಹಕ್ಕು ನಮಗಿದೆ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿದ್ದು ಇಲ್ಲಿ ನೆನಪಾಗುತ್ತದೆ. ಕಂಪನಿಗಳು ಅದನ್ನು ಪ್ರಶ್ನಿಸಿದವು ಎಂಬುದೂ ನಿಜ.

ವಿಮೆಯ ವಿಷಯದಲ್ಲಿ ನಮ್ಮ ಜಿಲ್ಲೆಯ ಎರಡು ಘಟನೆಗಳನ್ನು ಮರೆಯುವಂತಿಲ್ಲ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ಆಕ್ರೋಶ ಭುಗಿಲೆದ್ದಾಗ ವಾಹನಗಳಿಗೂ ಬೆಂಕಿ ಬಿತ್ತು. ಮೂರನೆಯ ವ್ಯಕ್ತಿಯ ವಿಮೆ ಮಾತ್ರ ಇದ್ದರೆ ಇಂಥ ನಷ್ಟಕ್ಕೆ ಒಂದು ಪೈಸೆಯೂ ಬಾರದು. ಸಮಗ್ರ ವಿಮೆಯಲ್ಲಿ ಗಲಭೆ, ಬೆಂಕಿಯ ಹಾನಿ ಸೇರಿರುತ್ತದೆ. 2019ರ ಆಗಸ್ಟಿನಲ್ಲಿ ವರದೆ ಉಕ್ಕಿ ಹರಿದು ಊರೊಳಗೆ ನೀರು ನುಗ್ಗಿತು. ನೀರಲ್ಲಿ ನಿಂತ ಗಾಡಿಯನ್ನು ಚಾಲೂ ಮಾಡಿ ಎಂಜಿನ್ ಒಳಗೆ ನೀರು ಹೊಕ್ಕರೆ ಸಾಮಾನ್ಯ ವಿಮೆ ಅದನ್ನು ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟಿರಬೇಕು. ಇಂದಿನ ಬಂಪರುಗಳೆಲ್ಲ ಪ್ಲಾಸ್ಟಿಕ್ಕಿನವು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ವಿಮೆ ಕೊಡುವುದು ಅರ್ಧವನ್ನು ಮಾತ್ರ. ಸವಕಳಿ ಕಡಿತವಿಲ್ಲದ ವಿಮೆಗೆ ಮೊದಲ ಐದು ವರ್ಷ ಹೆಚ್ಚು ತೆತ್ತರೂ ನಷ್ಟವಿಲ್ಲ. ಬಿಳಿ ಫಲಕದ ಸ್ವಂತ ಗಾಡಿಯನ್ನು ಮದುವೆ ಸೀಜನ್ನಿನಲ್ಲಿ ಬಾಡಿಗೆಗೆ ಬಿಡುವವರಿಗೆ ಒಂದು ಮಾತು: ಆ ದಾರಿಯಲ್ಲಿ ಅಪಘಾತವಾದರೆ ವಿಮಾ ಕಂಪನಿ ಕೈ ತೊಳೆದುಕೊಳ್ಳುತ್ತದೆ.

ಒಂದು ಕಹಿ ವಿಷಯವನ್ನೂ ಹೇಳಲೇಬೇಕು. ಅಳಿಯನಿಗೆ ‘ಉಡುಗೊರೆ’ ಎಂಬ ಹೆಸರಿನಲ್ಲಿ ದೊಡ್ಡ ಗಾಡಿ ಕೇಳುವ ಪರಿಪಾಠ ನಮ್ಮ ಸಮಾಜದಲ್ಲಿ ಬೆಳೆಯುತ್ತಿದೆ. 1961ರ ಕಾಯ್ದೆಯ ಕಣ್ಣಿನಲ್ಲಿ ಕೇಳಿ ಪಡೆದ ಗಾಡಿ ವರದಕ್ಷಿಣೆಯೇ. ಹೆಣ್ಣಿನ ತಂದೆ ಎಕರೆ ಹೊಲ ಮಾರಿ ಮುಂಗಡ ಕಟ್ಟುತ್ತಾನೆ. ಉಳಿದ ಕಂತು, ವಿಮೆ, ಡೀಸೆಲ್ಲು ಆಗತಾನೇ ಸಂಸಾರ ಹೂಡಿದ ಮಗಳ ಮನೆಯ ಮೇಲೆ ಬೀಳುತ್ತದೆ. ವರ್ಷಕ್ಕೆ ನಾಲ್ಕು ಲಕ್ಷದ ಹೊರೆಯನ್ನು ಹೊತ್ತು ತಂದ ವಸ್ತುವನ್ನು ಉಡುಗೊರೆ ಎನ್ನಲು ನಮಗೆ ಮನಸ್ಸು ಬಾರದು. ಗಾಡಿಯ ಮಾತೆತ್ತುವ ಬೀಗರ ಮುಂದೆ ಮೇಲಿನ ಲೆಕ್ಕವನ್ನು ಹಿರಿಯರು ಧಾರಾಳವಾಗಿ ಇಡಬಹುದು.

ಇಷ್ಟೆಲ್ಲ ನೋಡಿ ಕೊಂಡ ಮೇಲೂ ಗಾಡಿಯಲ್ಲಿ ದೋಷ ಕಂಡು, ಡೀಲರು ಕಿವಿಗೆ ಹಾಕಿಕೊಳ್ಳದಿದ್ದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಅಲೆಯಬೇಕಿಲ್ಲ. 2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಬೇರೆ ಜಿಲ್ಲೆಯಲ್ಲಿ ಕೊಂಡ ಗಾಡಿಗೂ ಹಾವೇರಿಯ ಆಯೋಗ ಸಾಕು. 50 ಲಕ್ಷದವರೆಗಿನ ಬೆಲೆಯ ವ್ಯವಹಾರ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. 20 ಲಕ್ಷ ಮೀರಿದ ಗಾಡಿಗೂ ಶುಲ್ಕ 1,000 ರೂಪಾಯಿ ಮಾತ್ರ. ದೂರು ಎರಡು ವರ್ಷದೊಳಗೆ ಸಲ್ಲಬೇಕು. ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ. ಆದರೆ ಕಾಗದ ಬೇಕು. ಪ್ರತಿ ಸಲ ಗಾಡಿ ಬಿಟ್ಟಾಗ ಕೊಡುವ ಜಾಬ್ ಕಾರ್ಡಿನಲ್ಲಿ ನಮ್ಮ ದೂರು ನಮ್ಮ ಮಾತಿನಲ್ಲೇ ಬರೆದಿದೆಯೇ ಎಂದು ನೋಡಿ ಸಹಿ ಮಾಡಬೇಕು, ಅದರ ಪ್ರತಿಯನ್ನು ತೆಗೆದಿಡಬೇಕು. ಮನೆಯ ಹೊಲದ ಉತಾರೆ ಇರುವ ಪೆಟ್ಟಿಗೆಯಲ್ಲೇ ಅದಕ್ಕೂ ಒಂದು ಜಾಗ ಇರಲಿ.