ಕೊಟ್ಟ ಅನುಮತಿ ಏಕೆ ನಿಲ್ಲುವುದಿಲ್ಲ?

ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರ ಬಾಯಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ: “ಹತ್ತು ಗಂಟೆಗೆ ಅನುಮತಿ ಕೊಟ್ಟೆ, ಕೆಲಸ ಸರಿಯಾಗಿ ನಡೆಯಿತು. ಹನ್ನೊಂದಕ್ಕೆ ನೋಡಿದರೆ ಕೊಟ್ಟದ್ದು ಮಾಯ. ಮತ್ತೆ ಕೊಟ್ಟೆ, ಮತ್ತೆ ಮಾಯ!” ಯಂತ್ರ ಕೆಟ್ಟಿತೆಂದು ಕೆಲವರಿಗೆ ಗುಮಾನಿ, ಪಕ್ಕದ ಮೇಜಿನವರದೇ ಕೈವಾಡವೆಂದು ಕೆಲವರಿಗೆ ಸಂಶಯ. ನಿಜವಾಗಿ ಇಲ್ಲಿ ಅನೇಕ ವೇಳೆ ಕಳ್ಳನೂ ಇಲ್ಲ, ಕೇಡೂ ಇಲ್ಲ. ಕಾವಲುಗಾರನೊಬ್ಬ ತನ್ನ ಕರ್ತವ್ಯವನ್ನು ತಪ್ಪದೆ ಮಾಡುತ್ತಿದ್ದಾನೆ, ಅಷ್ಟೆ. ಅವನ ಪರಿಚಯ ಮಾಡಿಕೊಳ್ಳೋಣ.

ದೊಡ್ಡ ಕಚೇರಿಗಳಲ್ಲಿ ನೌಕರರ ಹೆಸರು, ಪಾಸ್‌ವರ್ಡ್, ಯಾರು ಏನನ್ನು ಮುಟ್ಟಬಹುದೆಂಬ ವಿವರ ಎಲ್ಲವೂ ಒಂದೇ ದಫ್ತರದಲ್ಲಿರುತ್ತವೆ. ಮೈಕ್ರೊಸಾಫ್ಟ್ ಸಂಸ್ಥೆ ೨೦೦೦ನೆಯ ಇಸವಿಯಲ್ಲಿ ವಿಂಡೋಸ್ ೨೦೦೦ ಸರ್ವರ್ ಜೊತೆಗೆ ಹೊರತಂದ ಆ್ಯಕ್ಟಿವ್ ಡೈರೆಕ್ಟರಿ ಇಂಥ ಒಂದು ದಫ್ತರ. ಇಂದಿಗೂ ಅನೇಕ ಕಡೆ ಬಳಕೆಯಲ್ಲಿದೆ. ಇದರಲ್ಲಿ ಖಾತೆಗಳನ್ನು ಶಾಖೆ ಶಾಖೆಯಾಗಿ ಜೋಡಿಸಿರುತ್ತಾರೆ. “ಈ ಶಾಖೆಯವರ ಪಾಸ್‌ವರ್ಡನ್ನು ಇಂಥ ಗುಮಾಸ್ತೆ ಬದಲಾಯಿಸಬಹುದು” ಎಂದು ಮೇಲೆ ಒಮ್ಮೆ ಬರೆದರೆ ಸಾಕು. ಹಿರಿಯರ ಆಸ್ತಿ ಮಕ್ಕಳಿಗೆ ಬಂದಂತೆ ಆ ಅನುಮತಿ ಕೆಳಗಿನ ಎಲ್ಲ ಖಾತೆಗಳಿಗೂ ಇಳಿದು ಬರುತ್ತದೆ.

ಆದರೆ ಇಡೀ ದಫ್ತರದ ಬೀಗದ ಕೈ ಹಿಡಿದವರ ಖಾತೆಗಳೂ ಅಲ್ಲಿಯೇ ಇರಬಹುದಲ್ಲವೆ? ಅವರ ಪಾಸ್‌ವರ್ಡನ್ನು ಗುಮಾಸ್ತೆ ಬದಲಾಯಿಸಬಹುದಾದರೆ, ಆ ಹೆಸರಿನಲ್ಲಿ ಒಳಹೊಕ್ಕು ತಾನೇ ಯಜಮಾನನಾಗಬಹುದು. ಇದನ್ನು ತಡೆಯಲೆಂದೇ ಒಂದು ಏರ್ಪಾಡಿದೆ. ಆಡ್ಮಿನ್‌ಎಸ್‌ಡಿಹೋಲ್ಡರ್ ಎಂಬ ಹೆಸರಿನಲ್ಲಿ ಒಂದು ಮಾದರಿ ಅನುಮತಿಪಟ್ಟಿ ಇದೆ. ಮಕ್ಕಳ ಕಾಪಿ ಪುಸ್ತಕದ ಮೇಲ್ಪಂಕ್ತಿಯಂತೆ ಅದು. ಎಸ್‌ಡಿಪ್ರಾಪ್ ಎಂಬ ಕಾವಲುಗಾರ ಸಾಮಾನ್ಯವಾಗಿ ೬೦ ನಿಮಿಷಕ್ಕೊಮ್ಮೆ ಸುತ್ತು ಬಂದು, ಕಾಪಾಡಬೇಕಾದ ಖಾತೆಗಳನ್ನು ಈ ಮೇಲ್ಪಂಕ್ತಿಯೊಡನೆ ಹೋಲಿಸುತ್ತಾನೆ. ವ್ಯತ್ಯಾಸ ಕಂಡರೆ ಅಳಿಸಿ, ಮೇಲ್ಪಂಕ್ತಿಯಲ್ಲಿದ್ದಂತೆಯೇ ಬರೆಯುತ್ತಾನೆ. ಮೇಲಿನಿಂದ ಇಳಿದು ಬರುವ ಅನುಮತಿಯನ್ನೂ ನಿಲ್ಲಿಸುತ್ತಾನೆ. ನೀವು ಹತ್ತು ಗಂಟೆಗೆ ಕೊಟ್ಟದ್ದು ಹನ್ನೊಂದಕ್ಕೆ ಮಾಯವಾಗುವುದು ಹೀಗೆ.

ತೊಂದರೆ ಇದೇ ಎಂದು ಗುರುತಿಸುವುದು ಹೇಗೆ? ಮೊದಲು, ಎಲ್ಲರಿಗೂ ಹೀಗಾಗುತ್ತಿದೆಯೋ ಒಬ್ಬಿಬ್ಬರಿಗೆ ಮಾತ್ರವೋ ನೋಡಿ. ಒಂದೇ ಶಾಖೆಯಲ್ಲಿ ಉಳಿದವರೆಲ್ಲ ಸರಿಯಾಗಿದ್ದು, ಒಬ್ಬರ ಅನುಮತಿ ಮಾತ್ರ ಗಂಟೆಯೊಳಗೆ ಅಳಿದುಹೋದರೆ ಕಾವಲುಗಾರನ ಕೈ ಇದೆಯೆಂದು ತಿಳಿಯಿರಿ. ಆಮೇಲೆ ಆ ಖಾತೆಯಲ್ಲಿ ಆಡ್ಮಿನ್‌ಕೌಂಟ್ ಎಂಬ ಅಂಕಣವನ್ನು ನೋಡಿ. ಅಲ್ಲಿ ೧ ಎಂದಿದ್ದರೆ ಮುದ್ರೆ ಬಿದ್ದಿದೆ ಎಂದರ್ಥ. ಕೊನೆಗೆ ಆ ವ್ಯಕ್ತಿ ಯಾವ ಯಾವ ಗುಂಪಿಗೆ ಸೇರಿದ್ದಾರೆ ಎಂದು ಹುಡುಕಿ. ಡೊಮೇನ್ ಆಡ್ಮಿನ್ಸ್‌ನಂಥ ದೊಡ್ಡ ಗುಂಪಷ್ಟೇ ಅಲ್ಲ, ಮುದ್ರಣಯಂತ್ರ ನೋಡಿಕೊಳ್ಳುವ ಪ್ರಿಂಟ್ ಆಪರೇಟರ್ಸ್ ಗುಂಪೂ ಈ ಕಾವಲಿಗೆ ಒಳಪಟ್ಟದ್ದು. ಗುಂಪಿನೊಳಗಿನ ಗುಂಪಿನಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಎಂದೋ ಒಂದು ದಿನದ ಕೆಲಸಕ್ಕೆಂದು ಸೇರಿಸಿ ಮರೆತದ್ದು ಅನೇಕ ವೇಳೆ ಇಲ್ಲಿಯೇ ಸಿಗುತ್ತದೆ.

ಪರಿಹಾರದಲ್ಲಿ ಕ್ರಮ ಮುಖ್ಯ. ಆ ಗುಂಪು ಬೇಡವಾದರೆ ಮೊದಲು ಖಾತೆಯನ್ನು ಅದರಿಂದ ತೆಗೆಯಿರಿ. ಅನಂತರ ಆಡ್ಮಿನ್‌ಕೌಂಟ್ ಗುರುತನ್ನು ಅಳಿಸಿ, ಮೇಲಿನ ಅನುಮತಿ ಮತ್ತೆ ಇಳಿದು ಬರುವಂತೆ ಮಾಡಿ. ಮೊದಲನೆಯದನ್ನು ಬಿಟ್ಟು ಉಳಿದೆರಡನ್ನು ಮಾಡಿದರೆ ಮುಂದಿನ ಸುತ್ತಿನಲ್ಲಿ ಎಲ್ಲವೂ ಹಿಂದಿನಂತೆಯೇ. ಮೊದಲನೆಯದನ್ನು ಮಾತ್ರ ಮಾಡಿ ಸುಮ್ಮನಾದರೂ ಫಲವಿಲ್ಲ. ಗುಂಪು ಬಿಟ್ಟರೂ ಗುರುತು ತಾನಾಗಿ ಹೋಗದು, ಬಾಗಿಲು ಮುಚ್ಚಿಯೇ ಇರುತ್ತದೆ. ಆ ವ್ಯಕ್ತಿಗೆ ದೊಡ್ಡ ಅಧಿಕಾರ ನಿಜವಾಗಿಯೂ ಬೇಕಿದ್ದರೆ ಎರಡು ಖಾತೆ ಕೊಡಿ: ದಿನನಿತ್ಯದ ಅಂಚೆ, ಕಾಗದಪತ್ರಗಳಿಗೆ ಒಂದು, ಮೇಲ್ವಿಚಾರಣೆಗೆ ಇನ್ನೊಂದು.

ಕೆಲವರು ಬೇಸರದಿಂದ ಮೇಲ್ಪಂಕ್ತಿಯನ್ನೇ ತಿದ್ದಿ ಗುಮಾಸ್ತೆಯ ಹೆಸರನ್ನು ಅದರಲ್ಲಿ ಸೇರಿಸುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ಒಂದೇ ಗಂಟೆಯಲ್ಲಿ ಯಜಮಾನರ ಖಾತೆಗಳೆಲ್ಲವೂ ಆ ಗುಮಾಸ್ತೆಗೆ ತೆರೆದುಕೊಳ್ಳುತ್ತವೆ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟಂತೆ ಇದು. ಇನ್ನು ಕೆಲವರು ಕಾವಲಿನ ವೇಳೆಯನ್ನು ಹಿಗ್ಗಿಸಲು ನೋಡುತ್ತಾರೆ. ಅದನ್ನು ಹೆಚ್ಚೆಂದರೆ ಎರಡು ಗಂಟೆಗೆ ಏರಿಸಬಹುದು. ರೋಗ ಹೋಗುವುದಿಲ್ಲ, ತಡವಾಗುತ್ತದೆ ಅಷ್ಟೆ.

ಆದುದರಿಂದ ಕೊಟ್ಟದ್ದನ್ನು ಯಾರೋ ಕಸಿಯುತ್ತಿದ್ದಾರೆ ಎಂದು ತೋರಿದಾಗ, ಮತ್ತೆ ಮತ್ತೆ ಕೊಡುವ ಮೊದಲು, ಕಸಿಯುತ್ತಿರುವುದು ಯಾವ ನಿಯಮ ಮತ್ತು ಯಾರನ್ನು ಕಾಪಾಡಲು ಎಂದು ಕೇಳಿ. ಆ ಉತ್ತರ ಸಿಕ್ಕಿದರೆ ಪರಿಹಾರ ದೂರವಿಲ್ಲ.