ಕಲ್ಲಿನ ಧೂಳಿನ ಕೆಮ್ಮನ್ನು ಕ್ಷಯವೆಂದು ಬರೆದಾಗ

ಹೊಸೂರು, ತಳಿ, ಡೆಂಕಣಿಕೋಟೆ ಭಾಗದ ನಮ್ಮ ಕನ್ನಡ ಮನೆಗಳಿಗೆ ಕಲ್ಲಿನ ಕೆಲಸ ಹೊಸದಲ್ಲ. ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಕ್ವಾರಿಗಳಲ್ಲಿ, ಜಲ್ಲಿ ಕ್ರಷರುಗಳಲ್ಲಿ, ಗಡಿಯಾಚೆ ಜಿಗಣಿಯ ಪಾಲಿಶ್ ಘಟಕಗಳಲ್ಲಿ ಹತ್ತಾರು ವರ್ಷ ದುಡಿದವರಿಗೆ ಒಣಕೆಮ್ಮು, ಏದುಸಿರು ಹತ್ತಿದರೆ ಮೊದಲು ಕೇಳಿಬರುವ ಹೆಸರು ಕ್ಷಯ. ಅದು ಸಿಲಿಕೋಸಿಸ್ ಆಗಿರಬಹುದೆಂಬ ಸಂಶಯ ರೋಗಿಗಾಗಲಿ, ಮನೆಯವರಿಗಾಗಲಿ ಬರುವುದು ಅಪರೂಪ.

ಬೆಣಚುಕಲ್ಲಿನ ಅಂಶವಾದ ಸಿಲಿಕಾ ಈ ರೋಗದ ಮೂಲ. ಕಪ್ಪು ಗ್ರಾನೈಟ್ ಎಂದು ಮಾರಾಟವಾಗುವ ಕಲ್ಲಿನಲ್ಲಿ ಬೆಣಚು ಕಡಿಮೆ. ಬಣ್ಣದ ಗ್ರಾನೈಟಿನಲ್ಲಿ ಹೆಚ್ಚು. ಕಣ್ಣಿಗೆ ಕಾಣುವ ಧೂಳನ್ನು ಮೂಗು, ಗಂಟಲುಗಳೇ ಬಹುಮಟ್ಟಿಗೆ ತಡೆಯುತ್ತವೆ. ಅಪಾಯವಿರುವುದು ಮಿಲಿಮೀಟರಿನ ಇನ್ನೂರರಲ್ಲೊಂದು ಭಾಗಕ್ಕಿಂತ ಕಿರಿದಾದ ಕಣಗಳಲ್ಲಿ. ಅವು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಕ ಜೀವಕೋಶಗಳು ತಾವೇ ಸಾಯುತ್ತವೆ; ಹೊರಬಿದ್ದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಹೀಗೆ ಗಾಯದ ಕಲೆಯಂತಹ ಗಂಟುಗಳು ಬೆಳೆದು ಶ್ವಾಸಕೋಶ ಬಿರುಸಾಗುತ್ತದೆ. ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯಬಲ್ಲದು. ಕಲೆಯನ್ನು ಅಳಿಸುವ ಔಷಧವಿಲ್ಲ. ಮುಖಕ್ಕೆ ಸುತ್ತಿದ ಟವಲು ಈ ಕಣವನ್ನು ತಡೆಯದು; ಕೊಯ್ಯುವಾಗ ನೀರು ಹಾಯಿಸುವುದು, ಧೂಳನ್ನು ಹುಟ್ಟುವಲ್ಲೇ ಯಂತ್ರದಿಂದ ಹೀರುವುದು ಮಾತ್ರ ನಿಜವಾದ ತಡೆ. ಅದು ಮಾಲೀಕರ ಹೊಣೆ.

ಗೊಂದಲಕ್ಕೆ ಇನ್ನೊಂದು ಕಾರಣವುಂಟು. ರಕ್ಷಕ ಕೋಶಗಳು ಸೋತ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ತಗಲುತ್ತದೆ. ಎರಡೂ ಒಟ್ಟಿಗೆ ಇರಬಹುದು. ಎಕ್ಸ್-ರೇಯಲ್ಲಿ ಎರಡರ ಗುರುತುಗಳೂ ಹೆಚ್ಚಾಗಿ ಮೇಲ್ಭಾಗದಲ್ಲೇ ಕಾಣುತ್ತವೆ. ಆದುದರಿಂದ ಕ್ಷಯದ ಔಷಧವನ್ನು ನಡುವೆ ನಿಲ್ಲಿಸಕೂಡದು. ಆದರೆ ಕಫದಲ್ಲಿ ರೋಗಾಣು ಸಿಗದೆ, ಔಷಧ ಮುಗಿದರೂ ಉಸಿರು ಸುಧಾರಿಸದಿದ್ದರೆ ಕಲ್ಲಿನ ಕೆಲಸದ ಮಾತನ್ನು ವೈದ್ಯರ ಮುಂದೆ ತೆಗೆಯಲೇಬೇಕು. ಎಷ್ಟು ವರ್ಷ, ಯಾವ ಕಲ್ಲು, ಯಾವ ಯಂತ್ರ ಎಂಬುದನ್ನು ಚೀಟಿಯಲ್ಲಿ ಬರೆಸಬೇಕು. ಹಳೆಯ ಎಕ್ಸ್-ರೇಗಳನ್ನು ಎಸೆಯಬಾರದು.

ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು ನಮ್ಮ ನೆರೆಯ ಕೋಲಾರದ ಚಿನ್ನದ ಗಣಿಗಳಿಂದ. ಆ ಗಣಿಗೆ ತನ್ನದೇ ಆಸ್ಪತ್ರೆಯಿತ್ತು, ಹಾಜರಿ ಪುಸ್ತಕವಿತ್ತು. ಮೇಸ್ತ್ರಿಯ ಬಾಯಿಮಾತಿನ ಮೇಲೆ ಕ್ವಾರಿಯಿಂದ ಕ್ವಾರಿಗೆ ಅಲೆದವನಿಗೆ ಅದಾವುದೂ ಇಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಬೇಕಾದ ರೋಗ. ಕ್ಷಯವೆಂದಷ್ಟೇ ಬರೆದರೆ ಆ ವರದಿಯೂ ಇಲ್ಲ, ಪರಿಹಾರವೂ ಇಲ್ಲ.

ದುಡಿದದ್ದು ಕರ್ನಾಟಕದಲ್ಲಿ, ಮಲಗಿರುವುದು ತಮಿಳುನಾಡಿನಲ್ಲಿ ಎಂಬ ಕಾರಣಕ್ಕೆ ಕೈಚೆಲ್ಲಿದವರಿಗೆ ನಾವು ತಿಳಿಸಬಯಸುವುದು ಇಷ್ಟು. ಇ.ಎಸ್.ಐ. ಕೇಂದ್ರದ ಯೋಜನೆ, ವಿಮೆ ಮಾಡಿಸಿಕೊಂಡವರ ಹಕ್ಕು ಗಡಿ ದಾಟಿದ ಮಾತ್ರಕ್ಕೆ ಕಳೆಯದು. ಅದಿಲ್ಲದವರು ಕೆಲಸ ಮಾಡಿದ ಸ್ಥಳದಲ್ಲಲ್ಲದೆ, ತಾವು ವಾಸಿಸುವ ಪ್ರದೇಶದ ಪರಿಹಾರ ಅಧಿಕಾರಿಯ ಮುಂದೆಯೂ ಅರ್ಜಿ ಹಾಕಬಹುದು. 1923ರ ಪರಿಹಾರ ಕಾಯ್ದೆಗೆ ತಿದ್ದುಪಡಿಯಾಗಿ ಬಂದ ಈ ಅವಕಾಶ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ.